ಮೂಲವ್ಯಾಧಿಯಲ್ಲದ ಮೂಲವ್ಯಾಧಿ

ನವಲಗುಂದದ ಎರೆಹೊಲವನ್ನು ಬೇಸಗೆಯಲ್ಲಿ ಕಂಡವರಿಗೆ ಬಿರುಕು ಎಂದರೇನೆಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದಿದ್ದ ಅದೇ ಕರಿಮಣ್ಣು ಚೈತ್ರ ವೈಶಾಖಗಳ ಬಿಸಿಲಿಗೆ ಒಣಗಿ, ಕಲ್ಲಾಗಿ, ಕೈ ಹಿಡಿಸುವಷ್ಟು ಅಗಲವಾಗಿ ಸೀಳಿ ನಿಲ್ಲುತ್ತದೆ. ಮನುಷ್ಯನ ದೇಹದಲ್ಲಿಯೂ ಇಂತಹದೊಂದು ಬಿರುಕು ಬೀಳುವ ಸ್ಥಳವಿದೆ. ಉದ್ದದಲ್ಲಿ ಅದು ಸುಮಾರು ಒಂದು ಸೆಂಟಿಮೀಟರು. ನೋವಿನಲ್ಲಿ ಮಾತ್ರ ಗಟ್ಟಿಮುಟ್ಟಾದ ರೈತನ ಕಣ್ಣಲ್ಲಿಯೂ ನೀರು ತರಿಸಬಲ್ಲದು. ವೈದ್ಯರು ಅದನ್ನು ಫಿಶರ್ ಎನ್ನುತ್ತಾರೆ. ಕನ್ನಡದಲ್ಲಿ ಗುದದ ಸೀಳು ಎನ್ನಬಹುದು.

ಜನರು ಮಾತ್ರ ಅದನ್ನು ಈ ಎರಡು ಹೆಸರುಗಳಿಂದಲೂ ಕರೆಯುವುದಿಲ್ಲ. ಆ ಭಾಗದಲ್ಲಿ ನೋವು ಬರಲಿ, ರಕ್ತ ಕಾಣಲಿ, ಗಂಟು ಏಳಲಿ, ಎಲ್ಲಕ್ಕೂ ಒಂದೇ ಹೆಸರು: ಮೂಲವ್ಯಾಧಿ. ಹೆಸರೊಂದೇ ಆದುದರಿಂದ ಮದ್ದೂ ಒಂದೇ ಇರಬೇಕೆಂಬ ನಂಬಿಕೆ. ಆ ಮದ್ದನ್ನೂ ಬಹಿರಂಗವಾಗಿ ಕೇಳಲು ನಾಚಿಕೆ. ಹೀಗೆ ತಪ್ಪು ಹೆಸರು ಒಂದು ಕಡೆ, ನಾಚಿಕೆ ಇನ್ನೊಂದು ಕಡೆ ಸೇರಿ, ಕೆಲವೇ ವಾರಗಳಲ್ಲಿ ತಾನಾಗಿ ಮಾಯಬಹುದಾಗಿದ್ದ ಸಣ್ಣ ಗಾಯವನ್ನು ವರ್ಷಗಟ್ಟಲೆಯ ಬೇನೆಯನ್ನಾಗಿ ಮಾಡುತ್ತವೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಈ ರೋಗಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ತವರಿಗೆ ಬಂದ ಮಗಳು

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಊರು ಅಣ್ಣಿಗೇರಿಯ ಕಡೆಯದಿರಲಿ, ಕುಂದಗೋಳದ ಕಡೆಯದಿರಲಿ. ಮನೆಯವರ ಹೆಸರು ಬೇಡ, ಏಕೆಂದರೆ ಈ ಕಥೆ ಯಾರ ಮನೆಯದೂ ಆಗಬಹುದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಾಳೆ. ನಡುಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು ತೂಗುತ್ತಿದೆ. ಕೂಸು ಆರೋಗ್ಯವಾಗಿದೆ. ತಾಯಿ ಮಾತ್ರ ದಿನದಿಂದ ದಿನಕ್ಕೆ ಬಾಡುತ್ತಿದ್ದಾಳೆ.

"ಯಾಕವ್ವಾ, ಅರ್ಧಾ ರೊಟ್ಟಿಗೇ ಕೈ ತೊಳಕೊಂಡಿ? ಹಿಂಗಾದರ ಕೂಸಿಗೆ ಹಾಲು ಎಲ್ಲಿಂದ ಬರಬೇಕು?"

"ಹಸಿವಿಲ್ಲಬೇ ಯವ್ವಾ."

ಹಸಿವಿಲ್ಲವೆಂಬುದು ಸುಳ್ಳು. ಉಂಡರೆ ಮರುದಿನ ಬಹಿರ್ದೆಸೆಗೆ ಹೋಗಬೇಕಾಗುತ್ತದೆ. ಹೋದರೆ ಗಾಜಿನ ಚೂರು ಕೊಯ್ದುಕೊಂಡು ಹೋದಂತಹ ನೋವು. ಆಮೇಲೆ ಎರಡು ತಾಸು ನೆಟ್ಟಗೆ ಕುಳಿತುಕೊಳ್ಳಲಾಗುವುದಿಲ್ಲ, ಕೂಸಿಗೆ ಹಾಲೂಡಿಸುವುದೂ ಒಂದು ಮಗ್ಗುಲಿಗೆ ಮಲಗಿಕೊಂಡೇ. ಆದುದರಿಂದ ಆಕೆ ಉಣ್ಣುವುದನ್ನೇ ಕಡಮೆ ಮಾಡಿದ್ದಾಳೆ. ತಾಯಿ ಇದನ್ನು ಹೆರಿಗೆಯ ಉಷ್ಣವೆಂದು ತಿಳಿದು ಸುಮ್ಮನಿದ್ದಾಳೆ. ಕೊನೆಗೊಂದು ದಿನ ಹುಬ್ಬಳ್ಳಿಯಿಂದ ತೊಟ್ಟಿಲ ಕಾರ್ಯಕ್ಕೆ ಬಂದ ಅಕ್ಕನ ಕಿವಿಯಲ್ಲಿ ಮಾತು ಹೊರಬೀಳುತ್ತದೆ.

"ರಕ್ತ ಬೀಳಾಕತ್ತೈತಿ ಅಕ್ಕಾ. ಯಾರ ಮುಂದೂ ಹೇಳಬ್ಯಾಡ."

ಈ "ಯಾರ ಮುಂದೂ ಹೇಳಬ್ಯಾಡ" ಎಂಬ ಮಾತಿನಲ್ಲಿಯೇ ರೋಗದ ಅರ್ಧ ಬಲವಿದೆ. ಉಳಿದರ್ಧ ಬಲ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕಾದರೆ ಶರೀರದ ರಚನೆಯನ್ನು ಸ್ವಲ್ಪ ಅರಿತಿರಬೇಕು.

ಸೀಳು ಚಿಕ್ಕದು, ನೋವು ದೊಡ್ಡದು

ಗುದದ್ವಾರವನ್ನು ಎರಡು ಸ್ನಾಯುಗಳ ಬಳೆಗಳು ಸುತ್ತುವರಿದಿವೆ. ಹೊರಗಿನ ಬಳೆ ಮನುಷ್ಯನ ಇಚ್ಛೆಗೆ ಒಳಪಟ್ಟದ್ದು. ಬೇಕೆಂದಾಗ ಬಿಗಿಯಬಹುದು, ಬೇಕೆಂದಾಗ ಸಡಿಲಿಸಬಹುದು. ಒಳಗಿನ ಬಳೆ ಹಾಗಲ್ಲ. ಅದು ಹೃದಯದಂತೆ, ಕರುಳಿನಂತೆ, ಯಾರ ಅಪ್ಪಣೆಯನ್ನೂ ಕೇಳದೆ ತಾನೇ ಕೆಲಸ ಮಾಡುತ್ತದೆ. ಈ ಬಳೆಗಳ ಒಳಮೈಗೆ ತೆಳುವಾದ ಚರ್ಮದ ಹೊದಿಕೆಯಿದೆ. ಗಟ್ಟಿಯಾದ, ದಪ್ಪನಾದ ಮಲ ಒತ್ತಿಕೊಂಡು ಹೊರಬರುವಾಗ ಈ ಚರ್ಮ ಸೀಳುತ್ತದೆ. ಕೆಲವೊಮ್ಮೆ ಬಿಡದೆ ಹತ್ತಿದ ಭೇದಿಯಿಂದಲೂ, ಹೆರಿಗೆಯ ಒತ್ತಡದಿಂದಲೂ ಸೀಳುವುದುಂಟು. ಬಹುಪಾಲು ಸೀಳುಗಳು ಹಿಂಬದಿಯ ನಡುಗೆರೆಯಲ್ಲಿ, ಅಂದರೆ ಬೆನ್ನೆಲುಬಿನ ತುದಿಯ ಕಡೆಗೆ ಬೀಳುತ್ತವೆ. ಹೆಂಗಸರಲ್ಲಿ, ವಿಶೇಷವಾಗಿ ಬಾಣಂತಿಯರಲ್ಲಿ, ಮುಂಬದಿಯ ನಡುಗೆರೆಯಲ್ಲಿಯೂ ಕಾಣುವುದುಂಟು.

ಇಷ್ಟು ಚಿಕ್ಕ ಗಾಯಕ್ಕೆ ಅಷ್ಟು ದೊಡ್ಡ ನೋವೇಕೆ? ಕರುಳಿನ ಒಳಭಾಗಕ್ಕೆ ಕೊಯ್ದ ನೋವು ತಿಳಿಯುವುದಿಲ್ಲ. ಆದರೆ ದ್ವಾರದ ಬಳಿಯ ಈ ಚರ್ಮಕ್ಕೆ ಬೆರಳ ತುದಿಗೆ ಇರುವಂತೆಯೇ ನರಗಳಿವೆ. ಗಾಯವಾದೊಡನೆ ಒಳಬಳೆ ಬೆದರಿ ಬಿಗಿದುಕೊಳ್ಳುತ್ತದೆ. ಬಹಿರ್ದೆಸೆ ಮುಗಿದ ಮೇಲೂ ತಾಸುಗಟ್ಟಲೆ ಉಳಿಯುವ ನೋವು ಸೀಳಿನದಷ್ಟೇ ಅಲ್ಲ, ಈ ಬಿಗಿತದ್ದು. ಸ್ನಾಯು ಬಿಗಿದಾಗ ಅದರ ಮೂಲಕ ಹಾದುಹೋಗುವ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಹಿಂಬದಿಯ ನಡುಗೆರೆಗೆ ಮೊದಲೇ ರಕ್ತದ ಪೂರೈಕೆ ಕಡಮೆ. ರಕ್ತವಿಲ್ಲದೆ ಯಾವ ಗಾಯವೂ ಮಾಯದು.

ಇನ್ನು ಮನಸ್ಸಿನ ಪಾತ್ರ. ನೋವಿಗೆ ಹೆದರಿ ರೋಗಿಯು ಮಲವನ್ನು ತಡೆಹಿಡಿಯುತ್ತಾನೆ. ತಡೆದಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರಿಕೊಳ್ಳುತ್ತದೆ. ಮಲ ಇನ್ನಷ್ಟು ಕಲ್ಲಾಗುತ್ತದೆ. ಮಾಯುತ್ತಿದ್ದ ಸೀಳು ಮತ್ತೆ ಹರಿಯುತ್ತದೆ. ಗಟ್ಟಿ ಮಲ, ಸೀಳು, ನೋವು, ಬಿಗಿತ, ಭಯ, ಮತ್ತೆ ಗಟ್ಟಿ ಮಲ. ಈ ಗಾಣವನ್ನು ಎಲ್ಲಿಯಾದರೂ ಒಂದು ಕಡೆ ನಿಲ್ಲಿಸಿದರೆ ರೋಗ ನಿಂತಿತು. ಚಿಕಿತ್ಸೆಯ ಗುಟ್ಟೆಲ್ಲ ಇಷ್ಟೇ.

ಮೂರು ರೋಗ, ಒಂದು ಹೆಸರು

ಒಂದೇ ಹೆಸರಿನ ಮರೆಯಲ್ಲಿ ಮುಖ್ಯವಾಗಿ ಮೂರು ಬೇರೆ ಬೇರೆ ರೋಗಗಳು ಅಡಗಿರುತ್ತವೆ.

ಮೊದಲನೆಯದು ನಿಜವಾದ ಮೂಲವ್ಯಾಧಿ. ಇದು ಒಳಗಿನ ರಕ್ತನಾಳಗಳ ಮೆತ್ತೆಗಳು ಉಬ್ಬಿ ಜೋತು ಬೀಳುವುದರಿಂದ ಬರುತ್ತದೆ. ಇದರಲ್ಲಿ ರಕ್ತ ಹೆಚ್ಚಾಗಿ ಹೋಗಬಹುದು, ಆದರೆ ಸಾಧಾರಣವಾಗಿ ನೋವಿರುವುದಿಲ್ಲ. ಎರಡನೆಯದು ಸೀಳು. ಇದರಲ್ಲಿ ರಕ್ತ ಸ್ವಲ್ಪ, ನಾಲ್ಕಾರು ಕೆಂಪು ಹನಿ. ನೋವು ಮಾತ್ರ ಕೊಯ್ದಂತೆ, ಅದೂ ಬಹಿರ್ದೆಸೆಯ ವೇಳೆಗೂ ಅದರ ಬಳಿಕವೂ. ಮೂರನೆಯದು ಭಗಂದರ. ದ್ವಾರದ ಪಕ್ಕದಲ್ಲಿ ಕೀವು ಕಟ್ಟಿ, ಒಡೆದು, ಒಳಗಿನಿಂದ ಹೊರಗೆ ಕೊಳವೆಯಂತೆ ದಾರಿ ಮಾಡಿಕೊಳ್ಳುವುದು ಇದರ ಲಕ್ಷಣ. ಕೀವು ಕಟ್ಟುವಾಗ ನೋವು ಹಗಲಿರುಳೂ ಇರುತ್ತದೆ, ಜ್ವರವೂ ಬರಬಹುದು. ಆಮೇಲೆ ಬಟ್ಟೆಗೆ ಕೀವಿನ ಕಲೆ ಹತ್ತುತ್ತಿರುತ್ತದೆ. ಈ ಮೂರರ ಚಿಕಿತ್ಸೆಯೂ ಬೇರೆ ಬೇರೆ. ಒಂದರ ಔಷಧವನ್ನು ಇನ್ನೊಂದಕ್ಕೆ ಬಳಸಿದರೆ ಗುಣವಾಗುವುದಂತಿರಲಿ, ಕೆಡುಕಾಗುವುದೇ ಹೆಚ್ಚು.

ಹಾಗಾದರೆ ಸೀಳನ್ನು ಜನರು ಮೂಲವ್ಯಾಧಿಯೆಂದು ಭ್ರಮಿಸುವುದೇಕೆ? ಸೀಳು ಹಳೆಯದಾದಾಗ ಅದರ ಹೊರತುದಿಯಲ್ಲಿ ಚರ್ಮ ಉಬ್ಬಿ ಒಂದು ಸಣ್ಣ ಗಂಟು ಬೆಳೆಯುತ್ತದೆ. ತೊಳೆದುಕೊಳ್ಳುವಾಗ ಅದು ಕೈಗೆ ತಗಲುತ್ತದೆ. "ಮೊಳಕೆ ಬಂದಿದೆ" ಎಂದು ರೋಗಿ ನಿರ್ಧರಿಸುತ್ತಾನೆ. ಆ ಗಂಟು ರೋಗವಲ್ಲ. ಒಳಗೆ ಸೀಳು ಇದೆಯೆಂದು ತೋರಿಸುವ ಕಾವಲುಗಾರ ಮಾತ್ರ. ಆದರೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿಸಿದ ಜಾಹೀರಾತಿನ ಪಂಡಿತನಿಗೆ ಇಷ್ಟು ವಿಚಾರ ಬೇಕಾಗಿಲ್ಲ. "ಮೂಲವ್ಯಾಧಿ, ಭಗಂದರ, ಫಿಶರ್: ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ" ಎಂದು ಅವನು ಗ್ಯಾರಂಟಿ ಕೊಡುತ್ತಾನೆ, ಗಂಟಿಗೆ ಸುಡುವ ಮುಲಾಮು ಸವರುತ್ತಾನೆ, ಇಲ್ಲವೆ ಹೆಸರು ಹೇಳದ ಇಂಜೆಕ್ಷನ್ ಚುಚ್ಚುತ್ತಾನೆ. ಚರ್ಮ ಸುಟ್ಟು, ಮಾಯ್ದು, ದ್ವಾರವೇ ಕಿರಿದಾಗಿ ಹೋದ ಮೇಲೆ ರೋಗಿ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆ. ನಾಚಿಕೆಗೆ ಅವನು ತೆತ್ತ ಬೆಲೆ ಅದು.

ಎರೆಯ ಸೀಮೆಯ ಕಾರಣಗಳು

ಧಾರವಾಡ ಜಿಲ್ಲೆ ಸಣ್ಣದಾದರೂ ಅದರಲ್ಲಿ ಎರಡು ಸೀಮೆಗಳಿವೆ. ಪಡುವಣದ ಕಲಘಟಗಿ ಮಲೆನಾಡಿನ ಸೆರಗು; ಅಲ್ಲಿ ಭತ್ತ, ಅನ್ನ. ಮೂಡಣದ ನವಲಗುಂದ, ಅಣ್ಣಿಗೇರಿಗಳು ಬಯಲು ಎರೆ. ಅಲ್ಲಿ ಜೋಳ, ರೊಟ್ಟಿ. ರೊಟ್ಟಿ ಉಣ್ಣುವವರಿಗೆ ಮಲಬದ್ಧತೆ ಬರಬಾರದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾ ಹಿಟ್ಟಿನಲ್ಲಿಯೂ ಇರುವುದು ೩ ಗ್ರಾಂಗಿಂತ ಕಡಮೆ. ಆಫ್ರಿಕಾದಲ್ಲಿ ಬಹುಕಾಲ ಕೆಲಸ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮತ್ತು ಅವರ ಜೊತೆಗಾರರು ೧೯೭೨ರಲ್ಲಿ ಇದೇ ಸಂಗತಿಯನ್ನು ಜಗತ್ತಿಗೆ ಸಾರಿದರು: ನಾರು ತುಂಬಿದ ಆಹಾರ ಉಣ್ಣುವ ಹಳ್ಳಿಗರ ಮಲ ಮೃದುವಾಗಿಯೂ ಹೆಚ್ಚಾಗಿಯೂ ಇದ್ದು ಬೇಗನೆ ಹೊರಬೀಳುತ್ತದೆ, ನುಣುಪು ಹಿಟ್ಟಿನ ಆಹಾರ ಉಣ್ಣುವವರದು ಗಟ್ಟಿಯಾಗಿ ದಿನಗಟ್ಟಲೆ ಒಳಗೇ ಉಳಿಯುತ್ತದೆ.

ಹೀಗಿದ್ದೂ ಜೋಳದ ಸೀಮೆಯಲ್ಲಿ ಈ ಬೇನೆ ಇರುವುದೇಕೆ? ನಾರು ಕೆಲಸ ಮಾಡಬೇಕಾದರೆ ನೀರು ಬೇಕು. ಎರೆಯ ಸೀಮೆಯಲ್ಲಿ ಬಾವಿಯ ನೀರು ಸವುಳು. ಕುಡಿಯುವುದಕ್ಕೆ ಕೆರೆಯನ್ನೇ ನಂಬಿ ಬಾಳಿದ ಊರುಗಳು ಅವು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುವ ಹೆಂಗಸರು ಬಿಸಿಲಿನಲ್ಲಿ ದಿನವೆಲ್ಲ ದುಡಿದರೂ ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕು. ಆ ಬಟಾಬಯಲಿನಲ್ಲಿ ಮರೆಯೆಲ್ಲಿದೆ? ಕಲಘಟಗಿಯ ಕಡೆ ಗಿಡಗಂಟಿಯಾದರೂ ಉಂಟು. ನವಲಗುಂದದ ಹೊಲದಲ್ಲಿ ನಿಂತರೆ ಹರದಾರಿ ದೂರದ ಮನುಷ್ಯನೂ ಕಾಣುತ್ತಾನೆ. ತಲೆಮಾರುಗಳಿಂದ ಹಳ್ಳಿಯ ಹೆಣ್ಣುಮಕ್ಕಳು ಚರಿಗೆ ಹಿಡಿದು ಹೊರಟದ್ದು ನಸುಕು ಹರಿಯುವ ಮುನ್ನ, ಇಲ್ಲವೆ ಕತ್ತಲಾದ ಮೇಲೆ. ನಡುವೆ ಶಂಕೆಯಾದರೆ ತಡೆದುಕೊಳ್ಳುವುದೇ ಮರ್ಯಾದೆ ಎಂದು ಕಲಿತವರು. ೨೦೧೪ರ ಅಕ್ಟೋಬರ್ ೨ರಂದು ಸ್ವಚ್ಛ ಭಾರತ ಆಂದೋಲನ ಆರಂಭವಾದ ಮೇಲೆ ಮನೆಮನೆಗೆ ಪಾಯಖಾನೆಗಳು ಬಂದಿವೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಹೊಲದಲ್ಲಿ ಪಾಯಖಾನೆ ಇಲ್ಲ. ಶಾಲೆಯಲ್ಲಿದ್ದರೂ ಅದು ಹೊಲಸಾಗಿದ್ದರೆ ಮಗು ಮನೆಗೆ ಬರುವ ತನಕ ತಡೆದುಕೊಳ್ಳುತ್ತದೆ. ತಡೆಯುವ ಅಭ್ಯಾಸ ಪಾಯಖಾನೆ ಕಟ್ಟಿದಷ್ಟು ಬೇಗ ಹೋಗುವುದಿಲ್ಲ.

ಬಾಣಂತಿಯ ವಿಷಯದಲ್ಲಿ ಇನ್ನೆರಡು ಕಾರಣಗಳು ಕೂಡಿಕೊಳ್ಳುತ್ತವೆ. ಅನೇಕ ಮನೆಗಳಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುವ ರೂಢಿಯಿದೆ; ಸೊಪ್ಪು ಹಣ್ಣುಗಳು ಶೀತವೆಂದು ದೂರ. ಹಾಲೂಡಿಸುವ ತಾಯಿಗೆ ನೀರು ಉಳಿದವರಿಗಿಂತ ಹೆಚ್ಚು ಬೇಕಾಗಿರುವಾಗ ಸಿಗುವುದು ಕಡಮೆ. ಎರಡನೆಯದು ರಕ್ತಹೀನತೆಗಾಗಿ ಕೊಡುವ ಕಬ್ಬಿಣದ ಗುಳಿಗೆ. ಅದು ಅವಶ್ಯಕವಾದದ್ದು, ಆದರೆ ಅನೇಕರಿಗೆ ಮಲ ಕಟ್ಟುತ್ತದೆ. ಅದಕ್ಕಾಗಿ ಗುಳಿಗೆಯನ್ನು ಗುಟ್ಟಾಗಿ ಹಿತ್ತಲಿಗೆ ಎಸೆಯುವುದು ಪರಿಹಾರವಲ್ಲ. ತೊಂದರೆಯನ್ನು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತಿಳಿಸಿದರೆ ಪ್ರಮಾಣವನ್ನೋ ಗುಳಿಗೆಯ ಬಗೆಯನ್ನೋ ಬದಲಿಸಿಕೊಡುತ್ತಾರೆ.

ಪಟ್ಟಣದ ಓದುಗರು ಇದೆಲ್ಲ ಹಳ್ಳಿಯ ಮಾತೆಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಬೆಳಗ್ಗೆ ಬ್ರೆಡ್ಡು, ಸಂಜೆ ಗಿರಮಿಟ್ಟಿನೊಡನೆ ಮಿರ್ಚಿ ಭಜಿ, ನಡುವೆ ಐದಾರು ಕಪ್ಪು ಚಹ, ದಿನವೆಲ್ಲ ಕುರ್ಚಿ. ಕಮೋಡಿನ ಮೇಲೆ ಮೊಬೈಲು ಹಿಡಿದು ಅರ್ಧ ತಾಸು. ಹಳ್ಳಿಯವರಿಗೆ ಮರೆಯಿಲ್ಲದ ಕಷ್ಟ. ಪಟ್ಟಣದವರಿಗೆ ಬೆಳಗ್ಗೆ ಬಸ್ಸು ತಪ್ಪೀತೆಂಬ ಅವಸರ. ತಡೆಯುವುದು ಎರಡು ಕಡೆಯೂ ಒಂದೇ.

ಮನೆಯಲ್ಲಿ ಮಾಡತಕ್ಕದ್ದು

ಆರು ವಾರಗಳೊಳಗಿನ ಹೊಸ ಸೀಳುಗಳಲ್ಲಿ ಸುಮಾರು ಅರ್ಧದಷ್ಟು, ಮಲವನ್ನು ಮೃದುಗೊಳಿಸಿದ ಮಾತ್ರಕ್ಕೆ ಮಾಯುತ್ತವೆ. ಆದುದರಿಂದ ಮೊದಲನೆಯ ಔಷಧ ಅಡುಗೆಮನೆಯಲ್ಲಿದೆ.

ದಿನವೊಂದಕ್ಕೆ ೨೫ರಿಂದ ೩೦ ಗ್ರಾಂ ನಾರು ಹೊಟ್ಟೆಗೆ ಸೇರಬೇಕು. ಜೋಳದ ರೊಟ್ಟಿ, ಮೆಂತ್ಯೆ, ಹಕ್ಕರಿಕೆ, ಪುಂಡಿಪಲ್ಲೆ, ಮೊಳಕೆಯೊಡೆದ ಹೆಸರು ಮಡಿಕೆಗಳು, ಅಗಸಿಯ ಹಿಂಡಿ, ಪೇರಲ ಹಣ್ಣು, ನೆನೆಯಿಟ್ಟ ಒಣದ್ರಾಕ್ಷಿ, ಅಂಜೂರ: ಉತ್ತರ ಕರ್ನಾಟಕದ ಊಟದ ತಾಟಿನಲ್ಲಿ ಇದಕ್ಕೇನೂ ಬರವಿಲ್ಲ. ನಾರನ್ನು ಒಮ್ಮೆಲೆ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ಒಂದೆರಡು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸತಕ್ಕದ್ದು. ಇಸಬ್‌ಗೋಲಿನ ಹೊಟ್ಟು ಒಂದೆರಡು ಚಮಚೆಯಷ್ಟು ರಾತ್ರಿ ತೆಗೆದುಕೊಳ್ಳಬಹುದು, ಆದರೆ ತುಂಬಿದ ಲೋಟ ನೀರಿನೊಡನೆ ಮಾತ್ರ. ನೀರಿಲ್ಲದೆ ನುಂಗಿದ ಇಸಬ್‌ಗೋಲು ಒಳಗೇ ಮುದ್ದೆ ಕಟ್ಟಿ ಕಾಡುತ್ತದೆ.

ಎರಡನೆಯ ಔಷಧ ಬಿಸಿನೀರು. ಅಗಲವಾದ ಬುಟ್ಟಿಯಲ್ಲಿಯೋ ಪ್ಲಾಸ್ಟಿಕ್ ಟಬ್ಬಿನಲ್ಲಿಯೋ ಮೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ತುಂಬಿ, ದಿನಕ್ಕೆ ಎರಡು ಮೂರು ಸಲ, ವಿಶೇಷವಾಗಿ ಬಹಿರ್ದೆಸೆಯ ಬಳಿಕ, ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳಬೇಕು. ನೀರಿಗೆ ಡೆಟಾಲು, ಉಪ್ಪು, ಪೊಟ್ಯಾಶಿಯಂ ಪರ್ಮಾಂಗನೇಟು ಏನೂ ಬೇಡ. ಕೆಲಸ ಮಾಡುವುದು ಬೆಚ್ಚಗೆ. ಬಿಗಿದ ಬಳೆ ಅದರಿಂದ ಸಡಿಲಗೊಳ್ಳುತ್ತದೆ. ಬಾಣಂತಿಯ ಕೋಣೆಯಲ್ಲಿ ಬಿಸಿನೀರಿಗೆ ಕೊರತೆಯೇ?

ಮೂರನೆಯದು ಅಭ್ಯಾಸ. ಶಂಕೆಯಾದೊಡನೆ ಹೋಗಬೇಕು, ಮುಕ್ಕರಿಯಬಾರದು, ಐದು ನಿಮಿಷಕ್ಕಿಂತ ಹೆಚ್ಚು ಕುಳಿತುಕೊಳ್ಳಬಾರದು. ಕಮೋಡು ಬಳಸುವವರು ಕಾಲ ಕೆಳಗೆ ಒಂದು ಮಣೆಯನ್ನಿಟ್ಟು ಮೊಣಕಾಲುಗಳನ್ನು ಸ್ವಲ್ಪ ಮೇಲಕ್ಕೆತ್ತಿದರೆ ಮಲ ಸುಲಭವಾಗಿ ಇಳಿಯುತ್ತದೆ. ಸಾಬೂನಿನಿಂದ ತಿಕ್ಕಿ ತೊಳೆಯುವುದು ಬೇಡ.

ಖಾರದ ಮಾತೇನು? ಕುಂದಗೋಳದ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಖಾರದಿಂದ ಸೀಳು ಹುಟ್ಟುವುದಿಲ್ಲ. ಆದರೆ ಇದ್ದ ಗಾಯಕ್ಕೆ ಅದು ಉರಿ ಹಚ್ಚುತ್ತದೆ. ಹೊಸ ಸೀಳಿನ ರೋಗಿಗಳ ಮೇಲೆ ಭಾರತೀಯ ವೈದ್ಯರೊಬ್ಬರು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೆಣಸಿನಪುಡಿ ತಿಂದ ದಿನಗಳಲ್ಲಿ ನೋವು ಉರಿಗಳು ಹೆಚ್ಚಾದದ್ದು ಕಂಡುಬಂದಿತು. ಗಾಯ ಮಾಯುವ ತನಕ ಖಾರವನ್ನು ಇಳಿಸುವುದು ಲೇಸು.

ಮಲ ಕಟ್ಟಿದೆಯೆಂದು ಸೋನಾಮುಖಿ, ಹರಳೆಣ್ಣೆಗಳಂತಹ ಬಿರುಸಾದ ಭೇದಿಯ ಮದ್ದನ್ನು ಪದೇ ಪದೇ ಕುಡಿಯಬಾರದು. ಇದು ಇಂದಿನ ವೈದ್ಯರ ಮಾತು ಮಾತ್ರವಲ್ಲ. ಚರಕ ಸುಶ್ರುತರ ಸಂಹಿತೆಗಳಲ್ಲಿ ಪರಿಕರ್ತಿಕಾ ಎಂಬ ಹೆಸರು ಬರುತ್ತದೆ. ಸುತ್ತಲೂ ಕತ್ತರಿಸಿದಂತಹ ನೋವು ಎಂದು ಅದರ ಅರ್ಥ. ಅಯುಕ್ತವಾಗಿ ಕೊಟ್ಟ ವಿರೇಚನದಿಂದ ಉಂಟಾಗುವ ತೊಂದರೆಗಳ ನಡುವೆ ಅದನ್ನು ಎಣಿಸಿದ್ದಾರೆ. ಕಾಶ್ಯಪ ಸಂಹಿತೆಯು ಅದನ್ನು ಗರ್ಭಿಣಿಯರ ಬೇನೆಗಳಲ್ಲಿ ಹೇಳುತ್ತದೆ. ನೋವಿಗೆ ಇಷ್ಟು ಪುರಾತನವಾದ ಹೆಸರಿರುವಾಗ ಅದನ್ನು ಬಾಯಿಬಿಟ್ಟು ಹೇಳಲು ಇಂದಿನವರು ನಾಚುವುದೇಕೆ?

ವೈದ್ಯರ ಬಳಿಯಲ್ಲಿ

ಎರಡು ಮೂರು ವಾರ ಈ ಪಥ್ಯವನ್ನು ನಡೆಸಿಯೂ ನೋವು ತಗ್ಗದಿದ್ದರೆ, ಅಥವಾ ನೋವು ಮೊದಲಿನಿಂದಲೇ ಸಹಿಸಲಾರದಷ್ಟಿದ್ದರೆ, ವೈದ್ಯರಲ್ಲಿಗೆ ಹೋಗಬೇಕು. ಪರೀಕ್ಷೆಯ ಭಯ ಅನೇಕರನ್ನು ತಡೆಯುತ್ತದೆ. ನಿಜವಾಗಿ ನೋಡಿದರೆ ಮಗ್ಗುಲಿಗೆ ಮಲಗಿಸಿ ಮೆಲ್ಲಗೆ ಅಗಲಿಸಿ ನೋಡಿದರೇ ಸೀಳು ಸಾಮಾನ್ಯವಾಗಿ ಕಾಣುತ್ತದೆ. ನೋವು ಹೆಚ್ಚಾಗಿರುವಾಗ ಬೆರಳನ್ನಾಗಲಿ ಉಪಕರಣವನ್ನಾಗಲಿ ಬಳಸುವ ಅಗತ್ಯವಿಲ್ಲ. ಹೆಂಗಸರು ಮಹಿಳಾ ವೈದ್ಯರನ್ನೇ ಕೇಳಬಹುದು. ಜೊತೆಗೆ ಒಬ್ಬ ಹೆಂಗಸು ಇರಲೆಂದು ಕೇಳುವುದೂ ಅವರ ಹಕ್ಕು.

ಗಾಣವನ್ನು ಈಗ ಬಿಗಿತದ ಕಡೆಯಿಂದ ನಿಲ್ಲಿಸುತ್ತಾರೆ. ಎದೆನೋವಿನವರಿಗೆ ರಕ್ತನಾಳ ಸಡಿಲಿಸಲು ಕೊಡುವ ಔಷಧಗಳೇ ಇಲ್ಲಿ ಮುಲಾಮಿನ ರೂಪದಲ್ಲಿ ಒದಗಿಬಂದಿರುವುದು ಸ್ವಾರಸ್ಯದ ಸಂಗತಿ. ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಮುಲಾಮನ್ನು ಆರರಿಂದ ಎಂಟು ವಾರ ಹಚ್ಚಿದರೆ ಒಳಬಳೆ ಸಡಿಲಗೊಂಡು ರಕ್ತ ಹರಿದು ಗಾಯ ಮಾಯುತ್ತದೆ. ನೈಟ್ರೋಗ್ಲಿಸರಿನ್ನಿನಿಂದ ಕೆಲವರಿಗೆ ತಲೆನೋವು ಬರುವುದುಂಟು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸಕೂಡದು. ಅನೇಕರು ಮಾಡುವ ತಪ್ಪೆಂದರೆ, ನೋವು ನಿಂತ ವಾರವೇ ಮುಲಾಮನ್ನೂ ಪಥ್ಯವನ್ನೂ ಒಟ್ಟಿಗೆ ಬಿಟ್ಟುಬಿಡುವುದು. ನೋವು ನಿಂತಿತೆಂದರೆ ಗಾಯ ಮಾಯಿತೆಂದಲ್ಲ.

ಮುಲಾಮಿಗೂ ಜಗ್ಗದ ಹಳೆಯ ಸೀಳಿಗೆ ಶಸ್ತ್ರಚಿಕಿತ್ಸೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ದ್ವಾರವನ್ನು ಬಲವಾಗಿ ಹಿಗ್ಗಿಸುವ ಪದ್ಧತಿ ಬಂದಿತ್ತು. ಸ್ನಾಯು ಎಲ್ಲೆಲ್ಲಿಯೋ ಹರಿದು ಮಲದ ಹಿಡಿತವೇ ತಪ್ಪುವ ಅಪಾಯವಿದ್ದುದರಿಂದ ಅದು ಹಿಂದೆ ಸರಿಯಿತು. ದಕ್ಷಿಣ ಆಫ್ರಿಕದ ಐಸೆನ್‌ಹ್ಯಾಮರ್ ೧೯೫೧ರಲ್ಲಿ ಒಳಬಳೆಯನ್ನು ಮಾತ್ರ ಕೊಯ್ಯುವ ಕ್ರಮವನ್ನು ವಿವರಿಸಿದನು. ೧೯೬೯ರಲ್ಲಿ ನೊಟಾರಾಸ್ ಅದನ್ನು ಪಕ್ಕದಿಂದ, ಚರ್ಮದ ಅಡಿಯಲ್ಲಿಯೇ, ಸಣ್ಣ ಕೊಯ್ತದಿಂದ ಮಾಡುವ ದಾರಿಯನ್ನು ತೋರಿಸಿದನು. ಇಂದಿಗೂ ಅದೇ ಪ್ರಧಾನ ಚಿಕಿತ್ಸೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಗುಣವಾಗುತ್ತದೆ. ಆದರೆ ಕೆಲವರಲ್ಲಿ ವಾಯುವಿನ ಹಿಡಿತ ಸ್ವಲ್ಪ ತಪ್ಪುವುದುಂಟು. ಕಷ್ಟದ ಹೆರಿಗೆ ಕಂಡ ಹೆಂಗಸರಲ್ಲಿ ಈ ಎಚ್ಚರ ಹೆಚ್ಚು ಬೇಕು. ಆದುದರಿಂದಲೇ ಅದು ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ.

ಇದಕ್ಕಾಗಿ ದೂರದ ಊರಿಗೆ ಹೋಗಬೇಕಾಗಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ, ಜನರು ಕಿಮ್ಸ್ ಎಂದು ಕರೆಯುತ್ತ ಬಂದಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಗೋಡೆಯ ಜಾಹೀರಾತಿನವನಿಗೆ ಕೊಡುವ ಹಣಕ್ಕಿಂತ ಬಸ್ಸಿನ ಚಾರ್ಜು ಎಷ್ಟೋ ಅಗ್ಗ.

ಮರೆಯಬಾರದ ಎಚ್ಚರಿಕೆ

ರಕ್ತ ಹೋದುದೆಲ್ಲ ಸೀಳಲ್ಲ, ಮೂಲವ್ಯಾಧಿಯೂ ಅಲ್ಲ. ನಲವತ್ತೈದು ದಾಟಿದವರಲ್ಲಿ ಹೊಸದಾಗಿ ರಕ್ತ ಕಂಡರೆ, ಕಪ್ಪಾದ ರಕ್ತ ಮಲದೊಡನೆ ಬೆರೆತು ಬಂದರೆ, ಬಹಿರ್ದೆಸೆಯ ಕ್ರಮ ತಿಂಗಳುಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ವಯಸ್ಸು ಎಷ್ಟೇ ಇರಲಿ, ಕೂಡಲೆ ಪರೀಕ್ಷೆ ಮಾಡಿಸಬೇಕು. "ಹಳೇ ಮೂಲವ್ಯಾಧಿ" ಎಂಬ ಹೆಸರಿನ ಮರೆಯಲ್ಲಿ ಕ್ಯಾನ್ಸರು ಬೆಳೆಯುವುದುಂಟು. ನಡುಗೆರೆಯನ್ನು ಬಿಟ್ಟು ಪಕ್ಕಗಳಲ್ಲಿ ಬಿದ್ದ ಸೀಳು, ಅಥವಾ ಒಂದಕ್ಕಿಂತ ಹೆಚ್ಚು ಸೀಳುಗಳು, ಕ್ಷಯ ಮೊದಲಾದ ಬೇರೆ ರೋಗದ ಸೂಚನೆಯಾಗಿರಬಹುದು. ಎಳೆಯ ಮಕ್ಕಳಲ್ಲಿಯೂ ಸೀಳು ಸಾಮಾನ್ಯ. ಮಗು ಬಹಿರ್ದೆಸೆಗೆ ಹೋಗಲು ಅಳುತ್ತ, ಕಾಲು ಹೆಣೆದುಕೊಂಡು ಮೂಲೆಯಲ್ಲಿ ನಿಂತರೆ ಅದು ಹಟವಲ್ಲ, ನೋವಿನ ಭಯ. ಗದರಿಸಿದರೆ ಭಯ ಇಮ್ಮಡಿಯಾಗುತ್ತದೆ.

ತವರಿಗೆ ಬಂದ ಆ ಮಗಳ ಕಥೆಯನ್ನು ಅರ್ಧಕ್ಕೆ ಬಿಟ್ಟುದಾಯಿತು. ಅಕ್ಕ ಜಾಣೆಯಾಗಿದ್ದರೆ "ಯಾರ ಮುಂದೂ ಹೇಳಬ್ಯಾಡ" ಎಂಬ ಮಾತನ್ನು ಪೂರ್ತಿ ಪಾಲಿಸುವುದಿಲ್ಲ. ತಂಗಿಯನ್ನು ಕರೆದುಕೊಂಡು ತಾಲೂಕು ಆಸ್ಪತ್ರೆಗೆ ಹೋಗುತ್ತಾಳೆ. ಡಾಕ್ಟರ ಬಾಯಿಯವರು ಎರಡು ನಿಮಿಷ ನೋಡುತ್ತಾರೆ.

"ಇದು ಮೂಲವ್ಯಾಧಿ ಅಲ್ಲವಾ ತಂಗಿ. ಸಣ್ಣ ಸೀಳೈತಿ, ಇನ್ನೂ ಹೊಸಾದು. ಚಾಕೂ ಬ್ಯಾಡ, ಚುಚ್ಚೂದೂ ಬ್ಯಾಡ. ನೀರು ಕುಡಿ, ಪಲ್ಲೆ ತಿನ್ನು, ಬಿಸಿನೀರಾಗ ಕುಂಡ್ರು. ಮಲ ಮೆತ್ತಗಾಗಾಕ ಔಷಧ ಬರದ ಕೊಡತೀನಿ, ಕೂಸಿಗೇನೂ ಆಗೂದಿಲ್ಲ."

ಮನೆಗೆ ಬಂದ ಮೇಲೆ ಅಕ್ಕ ಅವ್ವನ ಮುಂದೆ ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, ಬಾಣಂತಿಯ ಬಳಿಗೆ ನೀರಿನ ತಂಬಿಗೆಯನ್ನು ತಾನೇ ತಂದಿಡುತ್ತಾಳೆ. ಆಮೇಲೆ ಮೆಲ್ಲಗೆ ಹೇಳುತ್ತಾಳೆ:

"ನಿನ್ನ ಹಡದಾಗ ನನಗೂ ಹಿಂಗ ಆಗಿತ್ತವಾ. ಯಾರ ಮುಂದೂ ಹೇಳಿರಲಿಲ್ಲ."

ಎರೆಯ ಬಿರುಕಿಗೆ ಔಷಧ ಮಳೆ. ಮೊದಲ ನಾಲ್ಕು ಹದ ಮಳೆ ಬಿದ್ದರೆ ಮಣ್ಣು ತಾನೇ ಕೂಡಿಕೊಳ್ಳುತ್ತದೆ. ಈ ಬಿರುಕಿಗೂ ಬೇಕಾದದ್ದು ಅದಕ್ಕಿಂತ ಹೆಚ್ಚೇನಲ್ಲ: ಹೊತ್ತಿಗೆ ಸರಿಯಾಗಿ ನೀರು, ತಟ್ಟೆಯಲ್ಲಿ ಪಲ್ಲೆ, ಮನೆಯಲ್ಲಿ ಒಂದು ಮಾತು. ಆ ಮಾತನ್ನು ಯಾರಾದರೊಬ್ಬರು ಮೊದಲು ಆಡಬೇಕು. ಆಡಿದವರು ತಮಗಲ್ಲದೆ ಮುಂದಿನವರಿಗೂ ಉಪಕಾರ ಮಾಡುತ್ತಾರೆ.